ಸೀಗೆಕಾಯಿ ಚೀಲ ಮತ್ತು ಸಿಇಟಿ ಅರ್ಜಿ

ಶಿರಸಿಯಲ್ಲಿ ನನ್ನದೊಂದು ಸಣ್ಣ ಝೆರಾಕ್ಸ್ ಅಂಗಡಿ. ಆನ್‌ಲೈನ್ ಅರ್ಜಿಗಳನ್ನೂ ತುಂಬಿಕೊಡುತ್ತೇನೆ. ಎರಡು ವರ್ಷದ ಹಿಂದೆ ಯಲ್ಲಾಪುರ ಕಡೆಯ ಸಿದ್ದಿ ಬುಡಕಟ್ಟಿನ ಹುಡುಗಿಯೊಬ್ಬಳು ಅಪ್ಪನ ಜೊತೆ ಸಿಇಟಿ ಅರ್ಜಿ ಹಾಕಲು ಬಂದಿದ್ದಳು. ಅಪ್ಪ ಮಾರಲು ತಂದ ಸೀಗೆಕಾಯಿ ಚೀಲವನ್ನು ಬಾಗಿಲಲ್ಲೇ ಇಟ್ಟರು, ಆ ಧೂಳಿಗೆ ನಾನು ಸೀನಿದ್ದೇ ಸೀನಿದ್ದು. ಹುಡುಗಿ ನಗುತ್ತಾ ಎರಡು ಕಾಯಿ ಮುರಿದು ತೋರಿಸಿದಳು. ಇದು ಬಲಿತದ್ದು, ಇದು ಎಳೆಯದು, ಇದಕ್ಕೆ ನೊರೆ ಬರಲ್ಲ.

ಅವಳಿಗೆ ಬೇಕಾಗಿದ್ದು ಬಿಎಸ್ಸಿ ಫಾರೆಸ್ಟ್ರಿ. ಕಾಲೇಜು ಇಲ್ಲೇ ಶಿರಸಿಯಲ್ಲಿದೆ, ಧಾರವಾಡ ಕೃಷಿ ವಿವಿಯದ್ದು.

ಅರ್ಜಿಯಲ್ಲಿ ಕೃಷಿಕರ ಕೋಟಾ ಅಂತ ಒಂದು ಕಾಲಂ ಬರುತ್ತದೆ. ಅದಕ್ಕೆ ಪ್ರಾಕ್ಟಿಕಲ್ ಪರೀಕ್ಷೆ ಉಂಟು. ಬೀಜ, ಬೆಳೆ, ಸಲಕರಣೆ ಮುಂದಿಟ್ಟು ಗುರುತಿಸಿ ಅನ್ನುತ್ತಾರೆ, ಆ ಅಂಕ ರ‍್ಯಾಂಕಿಗೆ ಸೇರುತ್ತದೆ. ಒಳ್ಳೆ ಪದ್ಧತಿ ಅಲ್ವಾ? "ಪಹಣಿ ಇದೆಯಾ?" ಅಂದೆ. ಅಪ್ಪ ಸುಮ್ನೆ ನನ್ನ ಮುಖ ನೋಡಿದರು. ಗದ್ದೆ ಅಜ್ಜನ ಕಾಲದಿಂದ ಮಾಡಿದ್ದು, ಜಾಗ ಮಾತ್ರ ಫಾರೆಸ್ಟಿನದು. ಕಾಲಂ ಖಾಲಿ ಬಿಟ್ಟೆ.

ಮೀಸಲಾತಿ ಇದೆಯಲ್ಲ ಅನ್ನಬೇಡಿ. ನಮ್ಮ ಜಿಲ್ಲೆಯ ಸಿದ್ದಿಗಳು 2003ರಲ್ಲಿ ಎಸ್‌ಟಿ ಪಟ್ಟಿಗೆ ಸೇರಿದರು, ನಿಜ. (ಇದೇ ಜಿಲ್ಲೆಯ ಹಾಲಕ್ಕಿ ಒಕ್ಕಲಿಗರಿಗೆ ಅದೂ ಇಲ್ಲ, ಕೇಳಿ ಕೇಳಿ ಸುಸ್ತಾಗಿದ್ದಾರೆ.) ಆದರೆ ಮೀಸಲಾತಿ ಕೈ ಹಿಡಿಯೋದು ರ‍್ಯಾಂಕ್ ಬಂದ ಮೇಲೆ. ಅರ್ಧ ವರ್ಷ ಫಿಸಿಕ್ಸ್ ಲೆಕ್ಚರರೇ ಇಲ್ಲದ ಕಡೆ ಪಿಯುಸಿ ಓದಿದವಳು ಅವಳು. ಸೀಟು ಸಿಗಲಿಲ್ಲ. ಈಗ ಬಿಎ ಓದುತ್ತಿದ್ದಾಳೆ.

ನ್ಯೂಜಿಲೆಂಡಿನ ಆಕ್ಲೆಂಡ್ ವಿಶ್ವವಿದ್ಯಾಲಯದಲ್ಲಿ ಅಲ್ಲಿನ ಮೂಲನಿವಾಸಿ ಮಾವೋರಿ ಮಕ್ಕಳಿಗೆ ಮೆಡಿಕಲ್ ಸೇರಲು 1972ರಿಂದಲೇ ಬೇರೆ ದಾರಿ ಇದೆ. ಕೂರಿಸಿ ಮಾತಾಡಿಸುತ್ತಾರೆ, ತಯಾರಿ ಸಾಲದವರಿಗೆ ಒಂದು ವರ್ಷದ ಕೋರ್ಸ್ ಕೊಡುತ್ತಾರೆ. ಅಷ್ಟು ದೂರ ಯಾಕೆ, ನಮ್ಮ ಐಐಟಿಗಳಲ್ಲೇ ಸೀಟು ಉಳಿದಾಗ ಎಸ್‌ಸಿ, ಎಸ್‌ಟಿ ಮಕ್ಕಳಿಗೆ ಒಂದು ವರ್ಷದ ಪ್ರಿಪರೇಟರಿ ಕೋರ್ಸ್ ನಡೆಸುತ್ತಾರೆ, ಪಾಸಾದರೆ ಮತ್ತೆ ಜೆಇಇ ಬರೆಯದೆ ನೇರ ಬಿಟೆಕ್. ಐಐಟಿಗೆ ಆಗೋದು ಫಾರೆಸ್ಟ್ರಿಗೆ ಯಾಕೆ ಆಗಬಾರದು?

ಶಾಲೆಯ ಮುಖವನ್ನೇ ನೋಡದೆ ಕಾಡಿನ ಗಿಡಮರಗಳ ತಿಳುವಳಿಕೆಗೆ ಹೆಸರಾದ ತುಳಸಿ ಗೌಡರು 2021ರಲ್ಲಿ ಬರಿಗಾಲಲ್ಲಿ ಹೋಗಿ ಪದ್ಮಶ್ರೀ ತಗೊಂಡಾಗ ಎಲ್ಲರೂ ಸ್ಟೇಟಸ್ ಹಾಕಿದೆವು, ನಾನೂ ಹಾಕಿದ್ದೆ, ಆದರೆ ಅದೇ ತಿಳುವಳಿಕೆ ಇರುವ ಹದಿನೆಂಟರ ಹುಡುಗಿ ಬಂದರೆ ಮೊದಲು ಪಹಣಿ ಕೇಳುತ್ತೇವೆ.

ಕೃಷಿಗೆ ಇರುವ ಹಾಗೆ ಕಾಡಿಗೂ ಒಂದು ಪ್ರಾಕ್ಟಿಕಲ್ ಇಡಿ. ಪಹಣಿ ಬೇಡ. ಮತ್ತಿ, ಹೊನ್ನೆ, ಉಪ್ಪಾಗೆ, ವಾಟೆ ಗುರುತಿಸಲಿ. ಬೇಕಾದರೆ ಆ ಅಪ್ಪನನ್ನೇ ಪರೀಕ್ಷಕರಾಗಿ ಕೂರಿಸಿ, ನನಗಿಂತ ಜಾಸ್ತಿ ಸ್ಟ್ರಿಕ್ಟ್ ಮನುಷ್ಯ.