ಟೊಮೆಟೊಗೆ ಚುಚ್ಚಿದ ಸೂಜಿ

ಮೊನ್ನೆ ಗೋಣಿಕೊಪ್ಪದ ಹೋಟೆಲಿನಲ್ಲಿ ಕಾಫಿ ಕುಡಿಯುತ್ತಿದ್ದಾಗ ಪರಿಚಯದ ಹಿರಿಯರೊಬ್ಬರು ಒಂದು ಹಳೇ ಪೇಪರ್ ನನ್ನತ್ತ ತಿರುಗಿಸಿ, "ಇದರ ಅನ್ನ ಉಂಡ್ರೆ ಮಕ್ಕಳಾಗಲ್ವಂತೆ, ಹೌದಾ?" ಅಂದರು. ಸುದ್ದಿ ಜೀನೋಮ್ ಎಡಿಟಿಂಗ್ ಭತ್ತದ್ದು, ಅಂದರೆ ಗಿಡದ ಜೀನ್ ತಿದ್ದಿ ಮಾಡಿದ ತಳಿಯದ್ದು. ಫೋಟೊ ಮಾತ್ರ ಟೊಮೆಟೊದ್ದು. ನೀಲಿ ಗ್ಲೌಸಿನ ಕೈಯೊಂದು ಅದಕ್ಕೆ ಸಿರಿಂಜ್ ಚುಚ್ಚುತ್ತಿದೆ. ಸುದ್ದಿಯನ್ನು ಪೂರ್ತಿ ಓದಿದೆ, ಮಕ್ಕಳಾಗದ ಮಾತು ಎಲ್ಲೂ ಇರಲಿಲ್ಲ. ಅದನ್ನು ಸೂಜಿಯೇ ಹೇಳಿತ್ತು.

ಈ ಸೂಜಿ ನನಗೆ ಹಳೇ ಪರಿಚಯ. 2010ರಲ್ಲಿ ಆಗಿನ ಪರಿಸರ ಸಚಿವ ಜೈರಾಮ್ ರಮೇಶ್, ಹುಳ ತಡೆಯಲು ಜೀನ್ ಸೇರಿಸಿದ ಬಿಟಿ ಬದನೆಗೆ ತಡೆ ಹಾಕಿದ ದಿನಗಳಲ್ಲಿ ಬದನೆಗೂ ಚುಚ್ಚಿದ್ದರು. ಹಣ್ಣಿಗೆ ಇಂಜೆಕ್ಷನ್ ಕೊಟ್ಟು ಯಾರೂ ತಳಿ ಬದಲಿಸುವುದಿಲ್ಲ. ಗಾಜಿನ ತಟ್ಟೆಯಲ್ಲಿ ಜೀವಕೋಶ ತಿದ್ದಿ ಅದನ್ನೇ ಸಸಿ ಮಾಡುತ್ತಾರೆ. ಗಾಜಿನ ತಟ್ಟೆ ನೋಡಿ ಯಾರು ಹೆದರುತ್ತಾರೆ ಹೇಳಿ!

'ಕುಲಾಂತರಿ' ಅನ್ನುವ ಪದವೂ ಹಾಗೇ. ಬಿಟಿ ಬದನೆಯಲ್ಲಿ ಮಣ್ಣಿನ ಬ್ಯಾಕ್ಟೀರಿಯಾದ ಜೀನ್ ಇತ್ತು, ಅದಕ್ಕೆ ಆ ಹೆಸರು ಸರಿ. 2025ರ ಮೇನಲ್ಲಿ ಕೇಂದ್ರದ ಕೃಷಿ ಸಂಶೋಧನಾ ಸಂಸ್ಥೆ ಐಸಿಎಆರ್ ಪ್ರಕಟಿಸಿದ 'ಕಮಲಾ' ಭತ್ತ ಸಾಂಬಾ ಮಸೂರಿ ತಳಿಯದೇ ಜೀನ್ ತಿದ್ದಿ ಮಾಡಿದ್ದು. ಎರಡಕ್ಕೂ ಒಂದೇ ಹಣೆಪಟ್ಟಿ ಅಂಟಿಸಿದರೆ ಹೇಗೆ? ಕುಲ ಕೆಟ್ಟಿತು ಅಂದರೆ ನಮ್ಮ ಕಿವಿ ತಾನಾಗಿ ನಿಮಿರುತ್ತದೆ ಬಿಡಿ. ಆ ಹಿರಿಯರ ತೋಟದಲ್ಲಿರುವ ಎಸ್.795 ಅನ್ನುವ ಅರೇಬಿಕಾ ಕಾಫಿ ತಳಿಯ ವಂಶದಲ್ಲಿ ಲೈಬೀರಿಕಾ ಅನ್ನುವ ಬೇರೆಯೇ ಜಾತಿಯ ಕಾಫಿ ಬೆರೆತಿದೆ. ಅದು ತಾನಾಗಿ ಆದ ಬೆರಕೆ, ಲ್ಯಾಬಿನದಲ್ಲ, ನಿಜ. ಆದರೂ ಇದನ್ನು ಹೇಳಿದಾಗ ಅವರು ಒಂದು ಗಳಿಗೆ ಕಪ್ಪನ್ನೇ ನೋಡುತ್ತಾ ಕೂತರು.

ಹಾಗಂತ ಹೊಗಳುವ ವರದಿಗಳೇನೂ ಮೇಲಲ್ಲ. ಕಮಲಾ ಬಂದಾಗ ಇಳುವರಿ ಶೇ 19 ಹೆಚ್ಚು, ಕೊಯ್ಲು ಸುಮಾರು 20 ದಿನ ಬೇಗ ಅಂತ ಬಂತು. ಪ್ರೆಸ್‌ನೋಟಿನಲ್ಲಿದ್ದದ್ದು ಹಾಗೇ ಇಳಿದಿತ್ತು. ಬೇಗ ಅಂದರೆ ಕೊಡಗಿನಲ್ಲಿ ಯಾವಾಗ? ನಮ್ಮ ಗದ್ದೆ ಹಣ್ಣಾಗುವುದು ಪುತ್ತರಿ ಸುಗ್ಗಿಹಬ್ಬಕ್ಕೆ ಕದಿರು ತೆಗೆಯುವ ಹೊತ್ತಿಗೆ. ಅದಕ್ಕೆ ಮುಂಚೆ ಹಣ್ಣಾಗಿ ಹಿಂಗಾರು ಹಿಡಿದರೆ ತೆನೆ ನಿಂತಲ್ಲೇ ಮೊಳಕೆ ಒಡೆಯುತ್ತದೆ. ಹೊರಗಿನ ಜೀನ್ ಇಲ್ಲದ ಇಂಥ ತಳಿಗಳಿಗೆ ಜೈವಿಕ ಸುರಕ್ಷತಾ ನಿಯಮಗಳಿಂದ 2022ರಲ್ಲೇ ವಿನಾಯಿತಿ ಕೊಟ್ಟಾಗಿದೆ. ಅದು ಸರಿಯೋ ತಪ್ಪೋ, ಜೀನ್ ಕತ್ತರಿಸಿ ತಿದ್ದುವ ಕ್ರಿಸ್ಪರ್ ತಂತ್ರದ ಪೇಟೆಂಟ್ ಯಾರ ಕೈಯಲ್ಲಿದೆ, ಬೀಜದ ರೇಟು ಎಷ್ಟಾದೀತು? ನಾನು ಓದಿದ ವರದಿಗಳಲ್ಲಿ ಒಂದಕ್ಕೂ ಉತ್ತರವಿರಲಿಲ್ಲ. ಪೊನ್ನಂಪೇಟೆ ಕಡೆ ಗದ್ದೆ ಮಾಡುವ ಒಬ್ಬರಿಗೆ ಫೋನ್ ಮಾಡಿದ್ದರೆ ಸಾಕಿತ್ತು, ಇವಿಷ್ಟನ್ನೂ ಅವರೇ ಕೇಳುತ್ತಿದ್ದರು.

ಇನ್ನೊಂದು ತಮಾಷೆ. 2025ರ ನವೆಂಬರಿನಲ್ಲಿ ಸಿಕಲ್ ಸೆಲ್ ಅನ್ನುವ, ವಂಶಪಾರಂಪರ್ಯವಾಗಿ ಬರುವ ರಕ್ತದ ಕಾಯಿಲೆಗೆ 'ಬಿರ್ಸಾ 101' ಅನ್ನುವ ಕ್ರಿಸ್ಪರ್ ಚಿಕಿತ್ಸೆಯ ಸುದ್ದಿ ಬಂತು. ಭತ್ತ ತಿದ್ದಿದ ಕತ್ತರಿಯ ಜಾತಿಯದೇ ಇದು. ಕೃಷಿ ಪುಟದಲ್ಲಿ ಭೂತವಾಗಿದ್ದದ್ದು ಆರೋಗ್ಯ ಪುಟದಲ್ಲಿ ಸಂಜೀವಿನಿ! ಈ ಕಾಯಿಲೆ ನಮ್ಮ ಆದಿವಾಸಿ ಹಾಡಿಗಳಲ್ಲೂ ಇದೆ. ಪತ್ತೆಗೆ ಬೆರಳಿಗೆ ಸೂಜಿ ಚುಚ್ಚಿ ರಕ್ತ ತೆಗೆದು ಕಾರ್ಡ್ ಕೊಡುತ್ತಾರೆ. ಆ ಕಾರ್ಡಿನಲ್ಲಿ ಬರೆದದ್ದು ಏನು, ಮದುವೆ ಮಾತುಕತೆಯಲ್ಲಿ ಅದರಿಂದ ಏನಾಗುತ್ತಿದೆ ಅಂತ ಹಾಡಿಗೆ ಹೋಗಿ ಕೇಳಿ ಬರೆದ ವರದಿ ನಾನಿನ್ನೂ ಓದಿಲ್ಲ. ನೀವು ಓದಿದ್ದರೆ ಕಾಮೆಂಟಿನಲ್ಲಿ ಹಾಕಿ.