ಅವಕಾಶ ಇದೆ ಅಂತೀರಿ, ಹೋಗೋದು ಹೇಗೆ ಹೇಳಿ

ಶಿಕ್ಷಕರಿಗೆ, ಯುವಜನರ ಜೊತೆ ಕೆಲಸ ಮಾಡುವವರಿಗೆ ಅಂತ ನಡೆಯುವ ಕಾರ್ಯಕ್ರಮಗಳಿಗೆ ಈಗ ಬರವೇನೂ ಇಲ್ಲ. ವರ್ಕ್‌ಶಾಪ್, ಸಮಾವೇಶ, ಫೆಲೋಶಿಪ್, ವಿನಿಮಯ ಕಾರ್ಯಕ್ರಮ, ಆನ್‌ಲೈನ್ ಕೋರ್ಸ್, ಪ್ರಶಸ್ತಿ. ಬೆಳಗ್ಗೆ ಫೋನ್ ತೆಗೆದರೆ ಯಾವುದಾದರೂ ಗ್ರೂಪಿನಲ್ಲಿ ಒಂದು ಪೋಸ್ಟರ್ ಬಂದು ಕೂತಿರುತ್ತದೆ. ಅದರ ಕೆಳಗೆ ಸಾಲಾಗಿ ಕೈಮುಗಿದ ಚಿತ್ರಗಳು, ಧನ್ಯವಾದಗಳು. ಆಮೇಲೆ ಯಾರೋ ಒಬ್ಬರು ಮೆಲ್ಲಗೆ ಕೇಳುತ್ತಾರೆ, "ಇದರ ಲಾಸ್ಟ್ ಡೇಟ್ ಮೊನ್ನೆಯೇ ಮುಗಿದಿದೆ ಅಲ್ವಾ?"

ಶಾಲೆ ಬಿಟ್ಟ ಮೇಲೆ ಹುಡುಗ ಹುಡುಗಿಯರು ಬಂದು ಸೇರುವ ಕೇಂದ್ರವೊಂದರಲ್ಲಿ ನಾನು ಕೆಲಸ ಮಾಡುತ್ತೇನೆ. ಟೀಚರ್ ಗೆಳತಿಯರು ಬೇಕಾದಷ್ಟು ಜನ ಇದ್ದಾರೆ. ಎರಡೂ ಕಡೆ ನೋಡಿ ನೋಡಿ ನನಗೆ ಅನ್ನಿಸಿರುವುದು ಇಷ್ಟು. ಪೋಸ್ಟರಿನಲ್ಲಿ ಕಾಣುವ ಅವಕಾಶ ನಮ್ಮ ಕೈಗೆ ಬರುವ ಹೊತ್ತಿಗೆ ಅರ್ಧಕ್ಕರ್ಧ ಸೋರಿ ಹೋಗಿರುತ್ತದೆ. ಎಲ್ಲೆಲ್ಲಿ ಸೋರುತ್ತದೆ ಅಂತ ಆಯೋಜಕರು ಒಂದು ಸಲ ಕೂತು ನೋಡಬೇಕು.

ಮೊದಲು ಟೈಮಿನ ವಿಷಯ. "ಶಿಕ್ಷಕರು ಮತ್ತು ಯುವ ಕಾರ್ಯಕರ್ತರಿಗಾಗಿ" ಅಂತ ದೊಡ್ಡದಾಗಿ ಹಾಕಿರುತ್ತಾರೆ. ಕಾರ್ಯಕ್ರಮ ಸಂಜೆ ನಾಲ್ಕರಿಂದ ಆರು. ಶಿಕ್ಷಕರಿಗೆ ಅದು ಸರಿ, ತರಗತಿ ಮುಗಿದಿರುತ್ತದೆ. ನಮಗೆ? ನಮ್ಮ ಮಕ್ಕಳು ಬರೋದೇ ನಾಲ್ಕು ಗಂಟೆಗೆ! ಸರಿ, ರಜೆಯಲ್ಲಿ ಇಡೋಣ ಅನ್ನುತ್ತಾರೆ. ರಜೆ ಬಂತು ಅಂದರೆ ನಮಗೆ ಶಿಬಿರಗಳ ಕಾಲ, ಉಸಿರಾಡಲೂ ಪುರುಸೊತ್ತಿರುವುದಿಲ್ಲ. ಬೆಳಗ್ಗೆ ಹತ್ತು ಗಂಟೆಗೆ ಇಟ್ಟರೆ ನಾವು ಆರಾಮಾಗಿ ಬರಬಹುದು, ಆಗ ಶಿಕ್ಷಕರು ತರಗತಿಯಲ್ಲಿರುತ್ತಾರೆ. ಒಂದೇ ಹುಡುಗನನ್ನು ಬೆಳಗ್ಗೆ ಅವರು ನೋಡುತ್ತಾರೆ, ಸಂಜೆ ನಾವು ನೋಡುತ್ತೇವೆ. ಅವನ ಬಗ್ಗೆ ಮಾತಾಡಬೇಕಾದ ಈ ಇಬ್ಬರು ಒಂದು ರೂಮಿನಲ್ಲಿ ಸೇರುವುದೇ ಇಲ್ಲ. ಇಂಥ ಕಾರ್ಯಕ್ರಮಗಳಲ್ಲಿ ಸಹಭಾಗಿತ್ವದ ಬಗ್ಗೆ ಭಾಷಣ ಮಾತ್ರ ತಪ್ಪದೇ ಇರುತ್ತದೆ.

ಇದು ನನ್ನೊಬ್ಬಳ ಗೋಳಲ್ಲ. ಆರ್ಥಿಕ ಸಹಕಾರ ಮತ್ತು ಅಭಿವೃದ್ಧಿ ಸಂಘಟನೆ (ಒಇಸಿಡಿ) 2018ರಲ್ಲಿ ಶಿಕ್ಷಕರ ಕೆಲಸದ ಬಗ್ಗೆ ನಡೆಸಿದ ಟ್ಯಾಲಿಸ್ ಅನ್ನುವ ಸಮೀಕ್ಷೆಯಲ್ಲಿ, ತರಬೇತಿಗೆ ಹೋಗಲು ಏನು ಅಡ್ಡ ಬರುತ್ತದೆ ಅಂತ ಹಲವು ದೇಶಗಳ ಶಿಕ್ಷಕರನ್ನು ಕೇಳಿದ್ದರು. ಎಲ್ಲಕ್ಕಿಂತ ಮೇಲೆ ಬಂದ ಉತ್ತರ ಕೆಲಸದ ವೇಳೆಗೂ ತರಬೇತಿಯ ವೇಳೆಗೂ ಹೊಂದಾಣಿಕೆ ಆಗುವುದಿಲ್ಲ ಅನ್ನುವುದು. ಸರಾಸರಿ ಶೇ 54ರಷ್ಟು ಜನ ಹಾಗೆ ಹೇಳಿದ್ದರು. ಶಿಕ್ಷಕರಿಗೆ ಕಲಿಯುವ ಆಸಕ್ತಿಯೇ ಇಲ್ಲ ಅಂತ ವೇದಿಕೆ ಮೇಲೆ ಬೇಸರ ಮಾಡಿಕೊಳ್ಳುವವರು ಈ ಒಂದು ಅಂಕಿಯನ್ನು ಮನಸ್ಸಲ್ಲಿ ಇಟ್ಟುಕೊಂಡರೆ ಒಳ್ಳೇದು.

ಅಂದಹಾಗೆ, ಇದು ಯಾರಿಗೂ ಹೊಳೆಯದ ಸಮಸ್ಯೆಯೂ ಅಲ್ಲ. ಅಕ್ಟೋಬರ್ 5 ವಿಶ್ವ ಶಿಕ್ಷಕರ ದಿನ ಅಂತ ಎಲ್ಲರಿಗೂ ಗೊತ್ತು. ಆ ತಾರೀಖು ಯಾಕೆ ಅಂತ ಕೇಳಿದರೆ ಜಾಸ್ತಿ ಜನ ಹೇಳುವುದಿಲ್ಲ. 1966ರಲ್ಲಿ ಅದೇ ದಿನ ಪ್ಯಾರಿಸ್‌ನಲ್ಲಿ, ಯುನೆಸ್ಕೊ ಮತ್ತು ಅಂತರರಾಷ್ಟ್ರೀಯ ಕಾರ್ಮಿಕ ಸಂಘಟನೆ ಸೇರಿ ರೂಪಿಸಿದ, ಶಿಕ್ಷಕರ ಸ್ಥಾನಮಾನದ ಕುರಿತ ಶಿಫಾರಸಿಗೆ ಒಪ್ಪಿಗೆ ಸಿಕ್ಕಿತು. 1994ರಿಂದ ಆ ನೆನಪಿಗೆ ದಿನಾಚರಣೆ ನಡೆಯುತ್ತಿದೆ. ಸೇವೆಯಲ್ಲಿರುವ ಎಲ್ಲಾ ಶಿಕ್ಷಕರಿಗೂ ತರಬೇತಿ ಉಚಿತವಾಗಿ ಸಿಗಬೇಕು, ಅದರಲ್ಲಿ ಭಾಗವಹಿಸಲು ಅವಕಾಶವನ್ನೂ ಕೊಡಬೇಕು, ಪ್ರೋತ್ಸಾಹವನ್ನೂ ಕೊಡಬೇಕು ಅಂತ ಆ ಶಿಫಾರಸಿನಲ್ಲಿ ಬರೆದಿದೆ. ಆವತ್ತು ಅದನ್ನು ಬರೆದವರಿಗೆ ಬರೀ ಬಾಗಿಲು ತೆರೆದಿಟ್ಟರೆ ಸಾಲದು ಅಂತ ಗೊತ್ತಿತ್ತು. ನಾವು ಅವರ ದಿನಾಚರಣೆಯನ್ನು ಉಳಿಸಿಕೊಂಡೆವು, ಹೂಗುಚ್ಛವನ್ನೂ ಸೇರಿಸಿದೆವು.

ಯುವಜನರ ಜೊತೆ ಕೆಲಸ ಮಾಡುವವರ ಕಥೆ ಇನ್ನೂ ತೆಳು. ಆಗಸ್ಟ್ 12 ಅಂತರರಾಷ್ಟ್ರೀಯ ಯುವ ದಿನ, ಜುಲೈ 15 ವಿಶ್ವ ಯುವ ಕೌಶಲ ದಿನ. ಆ ದಿನಗಳಲ್ಲಿ ಯುವಕ ಯುವತಿಯರು ವೇದಿಕೆ ಮೇಲಿರುತ್ತಾರೆ, ಇರಬೇಕಾದ್ದೇ. ಅವರನ್ನು ಅಲ್ಲಿಗೆ ಕರೆತಂದವರು ಹಿಂದೆ ನಿಂತು ನೀರಿನ ಬಾಟಲಿ ಎಣಿಸುತ್ತಿರುತ್ತಾರೆ. ನಮ್ಮಲ್ಲಿ ಎಷ್ಟೋ ಜನರದ್ದು ಪ್ರಾಜೆಕ್ಟ್ ಇರುವಷ್ಟು ದಿನದ ಕೆಲಸ. ಶಿಕ್ಷಕರು ತರಬೇತಿಗೆ ಹೋದರೆ ಪಕ್ಕದ ತರಗತಿಯವರು ಹೇಗೋ ಸಂಭಾಳಿಸುತ್ತಾರೆ. ನಾವು ಹೋದರೆ ಕೇಂದ್ರಕ್ಕೇ ಬೀಗ. ದಿನಗೂಲಿ ಲೆಕ್ಕದಲ್ಲಿ ಇರುವವರಿಗೆ ಆ ದಿನದ ಸಂಬಳವೂ ಇಲ್ಲ. ಮೇಲಾಗಿ, ಮನೆಯಲ್ಲಿ ಕಷ್ಟ ಇರುವ ಹುಡುಗಿಯೊಬ್ಬಳು ಬಂದು ಬಾಗಿಲು ಮುಚ್ಚಿರೋದನ್ನು ನೋಡಿ ವಾಪಸ್ ಹೋದರೆ, ಅವಳನ್ನು ಮತ್ತೆ ಕರೆತರಲು ವಾರಗಳೇ ಬೇಕು. ಈ ಖರ್ಚು ಯಾವ ಬಜೆಟ್ಟಿನಲ್ಲೂ ಕಾಣುವುದಿಲ್ಲ.

ಮಾಡಬೇಕು ಅಂದರೆ ಮಾಡಬಹುದು ಅನ್ನುವುದಕ್ಕೂ ಉದಾಹರಣೆ ಇದೆ. ಯುರೋಪಿನ ಎರಾಸ್ಮಸ್ ಪ್ಲಸ್ ಯೋಜನೆಯಲ್ಲಿ ಯೂತ್ ವರ್ಕರ್‌ಗಳಿಗಾಗಿಯೇ, ಅಂದರೆ ನಮ್ಮಂಥವರಿಗಾಗಿಯೇ, ಒಂದು ವಿಭಾಗ ಇದೆ. 2 ದಿನದಿಂದ 60 ದಿನದವರೆಗೆ ಬೇರೆ ದೇಶಕ್ಕೆ ಹೋಗಿ ಅಲ್ಲಿಯವರ ಕೆಲಸ ನೋಡಬಹುದು, ತರಬೇತಿ ಪಡೆಯಬಹುದು. ಎಷ್ಟು ದೂರ ಹೋಗಬೇಕು ಅನ್ನುವುದರ ಮೇಲೆ ಪ್ರಯಾಣದ ಹಣ ನಿಗದಿಯಾಗುತ್ತದೆ. ಅಂಗವಿಕಲರು ಅಥವಾ ಬೇರೆ ಅಡಚಣೆ ಇರುವವರು ಬರಬೇಕಾದರೆ ಆಗುವ ಹೆಚ್ಚುವರಿ ಖರ್ಚಿಗೂ ಜಾಗ ಇದೆ. ಅದು ಮುಖ್ಯವಾಗಿ ಯುರೋಪು ಮತ್ತು ಅದರ ನೆರೆಯ ದೇಶಗಳಿಗೆ ಇರುವ ಯೋಜನೆ, ಎಲ್ಲರಿಗೂ ಸಿಗುವಂಥದ್ದಲ್ಲ. ಆದರೆ ಅದರಲ್ಲಿ ನನಗೆ ತುಂಬಾ ಇಷ್ಟವಾದದ್ದು ಹಣದ ವಿಷಯವಲ್ಲ, ಸರ್ಟಿಫಿಕೇಟಿನದು. ಯೂತ್‌ಪಾಸ್ ಅಂತ ಅದರ ಹೆಸರು, 2007ರಿಂದ ಇದೆ. ಭಾಗವಹಿಸಿದವರು ತಾವು ಏನು ಕಲಿತೆವು ಅಂತ ತಾವೇ ಯೋಚಿಸಿ, ಇನ್ನೊಬ್ಬರ ಜೊತೆ ಮಾತಾಡಿ, ತಮ್ಮ ಮಾತಿನಲ್ಲಿ ಬರೆಯುತ್ತಾರೆ. ನಮಗೆ ಸಿಗುವ ಸರ್ಟಿಫಿಕೇಟ್ ನೆನಪಿಸಿಕೊಳ್ಳಿ. "ಯಶಸ್ವಿಯಾಗಿ ಭಾಗವಹಿಸಿದ್ದಾರೆ." ಯಶಸ್ವಿಯಾಗಿ ಭಾಗವಹಿಸುವುದು ಅಂದರೆ ಏನು? ಕೊನೆವರೆಗೂ ಕೂತಿದ್ದೆ ಅಂತಲೇ?

ಇನ್ನು ಅರ್ಜಿ ಫಾರ್ಮ್. ಅಮೆರಿಕ ಸರ್ಕಾರದ ಫುಲ್‌ಬ್ರೈಟ್ ವಿನಿಮಯ ಯೋಜನೆಯಲ್ಲಿ ಪ್ರೌಢಶಾಲಾ ಶಿಕ್ಷಕರಿಗೆ ಅಮೆರಿಕದ ವಿಶ್ವವಿದ್ಯಾಲಯವೊಂದರಲ್ಲಿ 6 ವಾರ ಕಳೆಯುವ ಕಾರ್ಯಕ್ರಮವಿದೆ, ಒಳ್ಳೆಯದೇ. ಇಂಥವಕ್ಕೆ ಅರ್ಜಿ ಹಾಕಲು ಇಂಗ್ಲಿಷಿನಲ್ಲಿ ಪ್ರಬಂಧ ಬರೆಯಬೇಕು, ಶಿಫಾರಸು ಪತ್ರ ತರಬೇಕು. ನಾನು ನೋಡಿದ ಮಟ್ಟಿಗೆ ಬಹಳ ಫಾರ್ಮ್‌ಗಳು ಒಳ್ಳೆಯ ಕೆಲಸಗಾರರನ್ನು ಹುಡುಕುವುದಕ್ಕಿಂತ ಒಳ್ಳೆಯ ಫಾರ್ಮ್ ತುಂಬುವವರನ್ನು ಹುಡುಕುತ್ತವೆ. ಪ್ರಬಂಧ ತಿದ್ದಿಕೊಡಲು ಜನ ಇರುವವರು ಒಂದಾದ ಮೇಲೊಂದು ಹೋಗಿ ಬರುತ್ತಾರೆ. ಅವರ ಮೇಲೆ ಹೊಟ್ಟೆಕಿಚ್ಚಲ್ಲ. ಹೋಗಿ ಬಂದವರು ಮುಂದಿನ ವರ್ಷ ಇನ್ನೊಬ್ಬರ ಪಕ್ಕ ಕೂತು ಫಾರ್ಮ್ ತುಂಬಿಸಿಕೊಡುವ ಒಂದು ಸಂಜೆಯನ್ನು ಯಾರಾದರೂ ಏರ್ಪಡಿಸಿದರೆ, ಅರ್ಧ ಡಜನ್ ಸೆಮಿನಾರಿಗಿಂತ ಅದೇ ಉಪಕಾರ. ಪ್ರಶಸ್ತಿಗಳ ಬಗ್ಗೆ ಜಾಸ್ತಿ ಹೇಳಲ್ಲ. 2020ರಲ್ಲಿ 10 ಲಕ್ಷ ಡಾಲರಿನ ಗ್ಲೋಬಲ್ ಟೀಚರ್ ಪ್ರೈಜ್ ಗೆದ್ದ ಮಹಾರಾಷ್ಟ್ರದ ಶಿಕ್ಷಕ ರಣಜಿತ್‌ಸಿಂಹ ಡಿಸಳೆ ಅವರು ಅರ್ಧ ಹಣವನ್ನು ಕೊನೆಯ ಸುತ್ತಿನಲ್ಲಿದ್ದ ಉಳಿದ 9 ಮಂದಿಗೆ ಹಂಚಿದರು. ಒಬ್ಬರನ್ನೇ ಆರಿಸುವ ಪದ್ಧತಿಯ ಬಗ್ಗೆ ಅದಕ್ಕಿಂತ ಚೆನ್ನಾಗಿ ನಾನು ಏನು ಹೇಳಲಿ.

ಸರಿ, ಹೇಗೋ ಹೋದಿರಿ ಅಂತಿಟ್ಟುಕೊಳ್ಳಿ. ಒಳಗೆ ಏನು ನಡೆಯುತ್ತದೆ? ಉದ್ಘಾಟನೆ ತಡ. ಮೂರು ಅತಿಥಿಗಳ ಭಾಷಣ. ರಿಸೋರ್ಸ್ ಪರ್ಸನ್ ಎಂಬತ್ತು ಸ್ಲೈಡ್ ಇರುವ ಪಿಪಿಟಿ ತಂದಿರುತ್ತಾರೆ. ನಡುವೆ ಒಂದು ಎನರ್ಜೈಸರ್, ದೊಡ್ಡವರೆಲ್ಲ ಎದ್ದು ಚಪ್ಪಾಳೆ ತಟ್ಟಿ ಕುಣಿಯಬೇಕು. ಗುಂಪು ಚಟುವಟಿಕೆಗೆ ಹತ್ತು ನಿಮಿಷ, ಅದರಲ್ಲಿ ಚಾರ್ಟ್ ಪೇಪರ್ ಮೇಲೆ ಹೆಡ್ಡಿಂಗ್ ಬರೆಯೋದರಲ್ಲೇ ಐದು ನಿಮಿಷ ಹೋಗುತ್ತದೆ. ಗ್ರೂಪ್ ಫೋಟೋ. ಫೀಡ್‌ಬ್ಯಾಕ್ ಫಾರ್ಮ್‌ನಲ್ಲಿ ಎಲ್ಲರೂ "ತುಂಬಾ ಉಪಯುಕ್ತವಾಗಿತ್ತು" ಅಂತ ಬರೆದು ಬಸ್ಸಿಗೆ ಓಡುತ್ತಾರೆ. ಹೊಳೆಯಲ್ಲಿ ಹುಣಸೆಹಣ್ಣು ಕಿವುಚಿದ ಹಾಗೆ.

ಅಂಥದ್ದೇ ಒಂದು ಕಾರ್ಯಕ್ರಮದಲ್ಲಿ ಟೀ ವಿರಾಮಕ್ಕೆ ಹೊರಗೆ ನಿಂತಿದ್ದೆವು. ಹೊಸದಾಗಿ ಕೆಲಸಕ್ಕೆ ಸೇರಿದ ಹುಡುಗನೊಬ್ಬ ಪಕ್ಕದಲ್ಲಿದ್ದ ಹಿರಿಯ ಟೀಚರ್ ಹತ್ತಿರ ಹೇಳಿಕೊಳ್ಳುತ್ತಿದ್ದ. "ಮೇಡಂ, ಒಬ್ಬ ಹುಡುಗ ಇದಾನೆ. ದಿನಾ ಬರ್ತಾನೆ, ಬಾಗಿಲ ಹತ್ರಾನೇ ಕೂರ್ತಾನೆ. ಮಾತೂ ಇಲ್ಲ, ಆಟಾನೂ ಇಲ್ಲ. ಏನು ಮಾಡ್ಲಿ?" ಅವರು ಸ್ವಲ್ಪ ಯೋಚಿಸಿ ಕೇಳಿದರು, "ಆಟದ ಸಾಮಾನು ಎಲ್ಲಿಡ್ತೀರಪ್ಪ?" ಪೆಟ್ಟಿಗೆಯಲ್ಲಿ ಅಂದ. "ಬೀಗ ಇದೆಯಾ?" ಇದೆ ಅಂದ. "ಹಾಗಾದ್ರೆ ಕೀ ಅವನ ಕೈಗೆ ಕೊಡಿ. ಮಾತಾಡಿಸೋಕೆ ಹೋಗ್ಬೇಡಿ. ಬಾಲು ಬೇಕಾದವರೆಲ್ಲ ಅವನ ಹತ್ರಾನೇ ಬರಬೇಕಲ್ವಾ." ಅಷ್ಟರಲ್ಲಿ ಒಳಗಿನಿಂದ ಮೈಕಿನಲ್ಲಿ ಕರೆದರು, ಎಲ್ಲರೂ ದಯವಿಟ್ಟು ಬೇಗ ಬಂದು ಕೂತುಕೊಳ್ಳಿ. ಆವತ್ತಿನ ವಿಷಯ ಏನಿತ್ತು ಗೊತ್ತಾ? "ಹಿಂಜರಿಯುವ ಮಕ್ಕಳನ್ನು ತೊಡಗಿಸಿಕೊಳ್ಳುವುದು."

ಈ ಟೀ ವಿರಾಮದ ಸಂಗತಿ ಬೇರೆಯವರಿಗೂ ಹೊಳೆದಿದೆ. ಹ್ಯಾರಿಸನ್ ಓವೆನ್ ಅನ್ನುವವರು 1980ರ ದಶಕದಲ್ಲಿ ತುಂಬಾ ಕಷ್ಟಪಟ್ಟು ದೊಡ್ಡ ಸಮ್ಮೇಳನ ಮಾಡಿದ್ದರು. ಎಲ್ಲಾ ಮುಗಿದ ಮೇಲೆ ಗೊತ್ತಾಗಿದ್ದು, ಬಂದವರಿಗೆ ಬಹಳ ಹಿಡಿಸಿದ್ದು ಕಾಫಿ ವಿರಾಮ! ಅದನ್ನೇ ಇಡೀ ಸಭೆಯ ಕ್ರಮ ಮಾಡಿದರೆ ಹೇಗೆ ಅಂತ ಹೊರಟು ಅವರು ಓಪನ್ ಸ್ಪೇಸ್ ಅನ್ನುವ ರೀತಿಯನ್ನು ಕಟ್ಟಿದರು. ಮೊದಲೇ ನಿಗದಿಯಾದ ಭಾಷಣ ಇಲ್ಲ. ವಿಷಯ ಇರುವವರು ಎದ್ದು ಹೇಳುತ್ತಾರೆ, ಆಸಕ್ತಿ ಇರುವವರು ಆ ಕಡೆ ಹೋಗುತ್ತಾರೆ. ಇಲ್ಲಿ ನನಗೆ ಕೊಡೋದೂ ಇಲ್ಲ, ತಗೊಳ್ಳೋದೂ ಇಲ್ಲ ಅನ್ನಿಸಿದರೆ ಎದ್ದು ಇನ್ನೊಂದು ಗುಂಪಿಗೆ ನಡೆಯಬಹುದು, ಯಾರೂ ಬೇಜಾರು ಮಾಡಿಕೊಳ್ಳುವ ಹಾಗಿಲ್ಲ. 2006ರಲ್ಲಿ ಸ್ಕಾಟ್ಲೆಂಡಿನಲ್ಲಿ ಶುರುವಾದ ಟೀಚ್‌ಮೀಟ್‌ನಲ್ಲಿ ಒಬ್ಬರಿಗೆ 7 ನಿಮಿಷ ಅಥವಾ 2 ನಿಮಿಷ ಅಷ್ಟೇ, ತನ್ನ ತರಗತಿಯಲ್ಲಿ ತಾನೇ ಮಾಡಿ ನೋಡಿದ್ದನ್ನು ಹೇಳಬೇಕು. 2010ರಲ್ಲಿ ಫಿಲಡೆಲ್ಫಿಯಾದಲ್ಲಿ ಮೊದಲ ಎಡ್‌ಕ್ಯಾಂಪ್ ನಡೆಯಿತು. ಪ್ರವೇಶ ಉಚಿತ, ಬೆಳಗ್ಗೆ ಖಾಲಿ ಪಟ್ಟಿ ಹಾಕಿರುತ್ತಾರೆ, ಬಂದ ಶಿಕ್ಷಕರೇ ಅದನ್ನು ತುಂಬುತ್ತಾರೆ. ಇವುಗಳಲ್ಲಿ ಎಲ್ಲವೂ ಚಂದ ಅಂತ ನಾನು ಹೇಳುವುದಿಲ್ಲ. ಮಾತುಗಾರರು ಇಲ್ಲೂ ಮೈಕು ಬಿಡುವುದಿಲ್ಲ, ಮೊದಲ ಸಲ ಬಂದವರು ಮೂಲೆಯಲ್ಲೇ ಉಳಿಯುತ್ತಾರೆ. ಆದರೂ ಆ ಹಿರಿಯ ಟೀಚರ್ ಮಾತು ಸಭೆಯೊಳಗೆ ಕೇಳಿಸುವ ಸಾಧ್ಯತೆ ಇಂಥ ಕಡೆ ಜಾಸ್ತಿ.

ಆದರೆ ಎಷ್ಟೇ ಚೆನ್ನಾಗಿದ್ದರೂ ಒಂದು ದಿನದ್ದು ಒಂದು ದಿನದ್ದೇ. ಅಮೆರಿಕದಲ್ಲಿ 2007ರಲ್ಲಿ ಬಂದ ಒಂದು ವರದಿ, ಶಿಕ್ಷಕರ ತರಬೇತಿಯಿಂದ ಮಕ್ಕಳ ಕಲಿಕೆಗೆ ಏನಾದರೂ ಆಗುತ್ತದಾ ಅಂತ 1300ಕ್ಕೂ ಹೆಚ್ಚು ಅಧ್ಯಯನಗಳನ್ನು ಜರಡಿ ಹಿಡಿಯಿತು. ಕಟ್ಟುನಿಟ್ಟಿನ ಮಾನದಂಡಕ್ಕೆ ನಿಂತದ್ದು 9 ಮಾತ್ರ. ಅದೇ ಒಂದು ಸುದ್ದಿ ಬಿಡಿ. ಆ ಒಂಬತ್ತರಲ್ಲಿ ಸರಾಸರಿ 49 ಗಂಟೆ ತರಬೇತಿ ಸಿಕ್ಕ ಶಿಕ್ಷಕರ ಮಕ್ಕಳು ಸುಮಾರು 21 ಪರ್ಸೆಂಟೈಲ್ ಮೇಲೇರಿದ್ದರು. ಅಂದರೆ ನೂರು ಮಕ್ಕಳ ಸಾಲಿನಲ್ಲಿ ನಟ್ಟನಡುವೆ ಇದ್ದ ಮಗು ಮೇಲಿನ ಮೂವತ್ತರೊಳಗೆ ಬಂದ ಹಾಗೆ. 14 ಗಂಟೆ ಅಥವಾ ಅದಕ್ಕಿಂತ ಕಡಿಮೆ ತರಬೇತಿ ಇದ್ದ ಕಡೆ ಹೇಳಿಕೊಳ್ಳುವಂಥ ಪರಿಣಾಮ ಕಾಣಲಿಲ್ಲ. ಒಂಬತ್ತೇ ಅಧ್ಯಯನ, ಹಾಗಾಗಿ ಇದನ್ನೇ ವೇದವಾಕ್ಯ ಮಾಡಬೇಕಾಗಿಲ್ಲ. ಆದರೂ ಎರಡು ದಿನದ ವರ್ಕ್‌ಶಾಪ್ ಅಂದರೆ ಎಷ್ಟು ಗಂಟೆ ಅಂತ ಲೆಕ್ಕ ಹಾಕಿ ನೋಡಿ. ಅದರಲ್ಲಿ ಉದ್ಘಾಟನೆ, ಊಟ, ಫೋಟೋ ಕಳೆಯಿರಿ.

ಜಪಾನಿನ ಶಾಲೆಗಳಲ್ಲಿ ನೂರು ವರ್ಷಕ್ಕೂ ಹಿಂದಿನಿಂದ ಬಂದ ಒಂದು ಅಭ್ಯಾಸ ಇದೆ, ಪಾಠ ಅಧ್ಯಯನ ಅನ್ನಬಹುದು. ಕೆಲವು ಶಿಕ್ಷಕರು ಸೇರಿ ಒಂದೇ ಒಂದು ಪಾಠವನ್ನು ವಾರಗಟ್ಟಲೆ ಕೂತು ಯೋಜಿಸುತ್ತಾರೆ. ಒಬ್ಬರು ಅದನ್ನು ಮಾಡುತ್ತಾರೆ, ಉಳಿದವರು ಅದೇ ತರಗತಿಯಲ್ಲಿ ನಿಂತು ನೋಡುತ್ತಾರೆ. ಅವರ ಕಣ್ಣು ಪಾಠ ಮಾಡುವವರ ಮೇಲಿರುವುದಿಲ್ಲ, ಮಕ್ಕಳ ಮೇಲಿರುತ್ತದೆ. ಯಾವ ಮಗು ಎಲ್ಲಿ ಪೆನ್ಸಿಲ್ ನಿಲ್ಲಿಸಿತು, ಯಾರು ಪಕ್ಕದವರ ಪುಸ್ತಕ ನೋಡಿದರು, ಎಲ್ಲಾ ಬರೆದುಕೊಳ್ಳುತ್ತಾರೆ. ಆಮೇಲೆ ಕೂತು ಮಾತು. ತಪ್ಪನ್ನು ಪಾಠದಲ್ಲಿ ಹುಡುಕುತ್ತಾರೆ, ಪಾಠ ಎಲ್ಲರೂ ಸೇರಿ ಮಾಡಿದ್ದರಿಂದ ಯಾರಿಗೂ ಅವಮಾನ ಇಲ್ಲ. ನಮ್ಮಂಥ ಕೇಂದ್ರಗಳಲ್ಲೂ ಇದನ್ನು ಮಾಡಬಹುದು. ನನ್ನ ಗೆಳತಿಯೊಬ್ಬಳು ಒಂದು ಸಂಜೆ ನಮ್ಮಲ್ಲಿಗೆ ಬಂದು ಸುಮ್ನೆ ಮೂಲೆಯಲ್ಲಿ ಕೂತಿದ್ದಳು. ಹೋಗುವಾಗ ಹೇಳಿದಳು, "ನೀನು ಪ್ರಶ್ನೆ ಕೇಳಿದಾಗ ಹಿಂದೆ ಕೂತ ಹುಡುಗೀರು ಮೊದಲು ಒಬ್ಬಳ ಮುಖ ನೋಡ್ತಾರೆ, ಅವಳು ತಲೆ ಆಡಿಸಿದ್ರೆ ಮಾತ್ರ ಕೈ ಎತ್ತುತಾರೆ." ಮುಂದೆ ನಿಂತಿರುವ ನನಗೆ ಇದು ಯಾವ ಜನ್ಮಕ್ಕೆ ಕಾಣಬೇಕಿತ್ತು!

ಹಾಗಾಗಿ ಈಗ ಯಾರಾದರೂ ಕಾರ್ಯಕ್ರಮಕ್ಕೆ ಕರೆದರೆ ನೇರವಾಗಿ ಕೇಳಿಬಿಡುತ್ತೇನೆ. ಆ ದಿನ ನಮ್ಮ ಮಕ್ಕಳನ್ನು ನೋಡಿಕೊಳ್ಳುವವರಿಗೆ ಏನು ವ್ಯವಸ್ಥೆ? ಬಸ್ ಚಾರ್ಜ್ ಅವತ್ತೇ ಕೊಡ್ತೀರಾ, ಬಿಲ್ಲು ಕಳಿಸಿ ಕಾಯಬೇಕಾ? ಎರಡನೇ ಸಲ ಯಾವಾಗ ಸೇರೋದು? ಮೂರನೇ ಪ್ರಶ್ನೆಗೆ ಸಿಗುವ ಉತ್ತರ ಹೆಚ್ಚುಕಮ್ಮಿ ಒಂದೇ: "ಅದಕ್ಕೆ ಬಜೆಟ್ ಇಲ್ಲ ಮೇಡಂ." ಮೊದಲನೆಯ ಸಲದ ಬ್ಯಾನರ್, ಬ್ಯಾಗು, ನೆನಪಿನ ಕಾಣಿಕೆ ಬಿಟ್ಟರೆ ಎರಡನೆಯದಕ್ಕೆ ಬಜೆಟ್ ತಾನಾಗಿಯೇ ಬರುತ್ತದೆ ಅಂತ ನಾನೂ ಹೇಳುತ್ತೇನೆ. ಕೆಲವರು ನಗುತ್ತಾರೆ, ಕೆಲವರು ಮತ್ತೆ ಫೋನ್ ಮಾಡುವುದಿಲ್ಲ.

ನಿಜ ಹೇಳಬೇಕು ಅಂದರೆ ಎರಡನೇ ಸಲ ಸೇರಲು ಬಜೆಟ್ಟೂ ಬೇಕಾಗಿಲ್ಲ. ಇಬ್ಬರು ಟೀಚರ್, ಮೂವರು ಯೂತ್ ವರ್ಕರ್, ಒಂದು ಖಾಲಿ ಕೋಣೆ. ಶನಿವಾರ ಬೆಳಗ್ಗೆ ಇಬ್ಬರಿಗೂ ಹೊಂದುತ್ತದಾ ಅಂತ ಮೊದಲೇ ಕೇಳಿಕೊಂಡರೆ ಆಯಿತು. ಒಂದು ತಿಂಗಳು ಅವರ ಶಾಲೆಯಲ್ಲಿ, ಇನ್ನೊಂದು ತಿಂಗಳು ನಮ್ಮ ಕೇಂದ್ರದಲ್ಲಿ. ಇಂಥದ್ದೇ ವಿಷಯ ಅಂತ ಮೊದಲೇ ಇಟ್ಟುಕೊಳ್ಳುವುದೂ ಬೇಡ. ಆ ತಿಂಗಳು ತಲೆ ತಿಂದ ಒಂದು ಪ್ರಶ್ನೆಯನ್ನು ಒಬ್ಬೊಬ್ಬರೂ ಹಿಡಿದುಕೊಂಡು ಬಂದರೆ ಸಾಕು.