ಬಿರುಕು ಬಿಟ್ಟದ್ದಕ್ಕೆ ಜಾಸ್ತಿ ರೇಟು

ಮುಲುಂಡಿನ ನಮ್ಮ ಬಿಲ್ಡಿಂಗು ಕಟ್ಟಿದ್ದು 1988ರಲ್ಲಿ. ನಾನು ನೋಡಲು ಹೋದ ಗಿಟಾರು ಹುಟ್ಟಿದ್ದೂ 1988ರಲ್ಲೇ. ಬಿಲ್ಡಿಂಗಿನ ಪಿಲ್ಲರಿನಲ್ಲಿ ಕೂದಲೆಳೆಯಂಥ ಒಂದು ಬಿರುಕು ಇದೆ. ಗಿಟಾರಿನ ಕುತ್ತಿಗೆ ಒಡಲಿಗೆ ಸೇರುವ ಕಡೆಯೂ ಅಂಥದ್ದೇ ಒಂದು ಬಿರುಕು. ಪಿಲ್ಲರ್ ನೋಡಿದ ಇಂಜಿನಿಯರು ತಲೆ ಅಲ್ಲಾಡಿಸಿ, "ಕೆಡವಬೇಕು" ಅಂದರು. ಗಿಟಾರಿನ ಮಾಲೀಕ ಅರ್ಧ ಕಣ್ಣು ಮುಚ್ಚಿ, "ಇದು ಕ್ಯಾರೆಕ್ಟರ್, ಅಂಕಲ್" ಅಂದ.

ಕ್ಯಾರೆಕ್ಟರಿಗೆ ಹದಿನೈದು ಸಾವಿರ ಬೇರೆ.

ಮುಂಬೈಗೆ ಹಳತು ಕಂಡರೆ ಆಗುವುದಿಲ್ಲ. ಬಿಲ್ಡಿಂಗಿಗೆ 30 ವರ್ಷ ದಾಟಿತೋ, ಸ್ಟ್ರಕ್ಚರಲ್ ಆಡಿಟ್ ಮಾಡಿಸಿ ಅಂತ ಕಾಯಿದೆಯೇ ಹೇಳುತ್ತದೆ. ಟ್ಯಾಕ್ಸಿಗೆ 20 ವರ್ಷ ತುಂಬಿದರೆ ಗುಜರಿ. ಕಡೆಯ ಪ್ರೀಮಿಯರ್ ಪದ್ಮಿನಿ ಟ್ಯಾಕ್ಸಿ ತಾರ್ದೇವ್ ಆರ್‌ಟಿಒದಲ್ಲಿ ನೋಂದಣಿಯಾದದ್ದು 2003ರ ಅಕ್ಟೋಬರಿನಲ್ಲಿ. 2023ರ ಅಕ್ಟೋಬರ್ ಮುಗಿಯುವುದರೊಳಗೆ ಅದರ ಆಯುಸ್ಸೂ ಮುಗಿಯಿತು. ಅದಕ್ಕೂ ಒಂದು ತಿಂಗಳ ಮೊದಲೇ ಹಳೆಯ ಡೀಸೆಲ್ ಡಬಲ್ ಡೆಕರ್ ಬಸ್ಸು ಹೋಗಿತ್ತು. ಜನ ಹಾರ ಹಾಕಿ, ಸೆಲ್ಫಿ ತೆಗೆದು, ಅತ್ತು ಕಳಿಸಿಕೊಟ್ಟರು. ಯಾರೂ "ಪಟಿನಾ ನೋಡಿ, ವಯಸ್ಸಿನ ಕಳೆ ನೋಡಿ, ಇನ್ನೂ ಎರಡು ಲಕ್ಷ ಜಾಸ್ತಿ ಕೊಡುತ್ತೇನೆ" ಅನ್ನಲಿಲ್ಲ.

ನನಗೂ ಈಗ ಐವತ್ತೈದು. ಆಫೀಸಿನವರು ಕರೆದು ಕಾಫಿ ಕೊಟ್ಟು, ಸ್ವಯಂ ನಿವೃತ್ತಿಯ ಅರ್ಜಿಯನ್ನು ತಾವೇ ತುಂಬಿಸಿಕೊಟ್ಟರು. ನನ್ನ ಕುತ್ತಿಗೆಯೂ ಸ್ವಲ್ಪ ಬಾಗಿದೆ, ಡಾಕ್ಟರು ಸ್ಪಾಂಡಿಲೈಟಿಸ್ ಅನ್ನುತ್ತಾರೆ. ಮುಂದಿನ ಪಾಲಿಶ್ ಹೋಗಿ ಬೋಳಾಗಿದೆ. ಒಬ್ಬರಾದರೂ ಕ್ಯಾರೆಕ್ಟರ್ ಅಂದರೆ ಕೇಳಿ.

ಹಾಗೆ ಬಂದ ದುಡ್ಡಿನಲ್ಲಿ ಸ್ವಲ್ಪ ತೆಗೆದು, ಹುಡುಗನಾಗಿದ್ದಾಗಿನ ಎಲೆಕ್ಟ್ರಿಕ್ ಗಿಟಾರಿನ ಚಪಲ ತೀರಿಸಿಕೊಳ್ಳೋಣ ಅಂದುಕೊಂಡೆ. ಆಗ ನಾವು ಮಾಟುಂಗಾದಲ್ಲಿದ್ದೆವು. ಅಪ್ಪ ಉಡುಪಿ ಹೋಟೆಲಿನ ಗಲ್ಲಾದಲ್ಲಿ. ನಾನು ಕಾಲಾಘೋಡಾದ ರಿದಮ್ ಹೌಸ್ ಎಂಬ ರೆಕಾರ್ಡ್ ಅಂಗಡಿಗೆ ಹೋಗಿ, ಕೊಳ್ಳುವವನ ಹಾಗೆ ಮುಖ ಮಾಡಿಕೊಂಡು, ಅಲ್ಲಿನ ಗಾಜಿನ ಬೂತಿನಲ್ಲಿ ನಿಂತು ಹಾಡು ಕೇಳುತ್ತಿದ್ದೆ. 1978ರಲ್ಲಿ ಅಮೆರಿಕದ ರಾಕ್ ಗಿಟಾರಿಗ ಎಡ್ಡಿ ವ್ಯಾನ್ ಹೇಲನ್ ಎರಡೂ ಕೈಗಳ ಬೆರಳನ್ನು ತಂತಿಯ ಮೇಲೆ ಓಡಿಸಿದ ಮೇಲೆ, ಗಿಟಾರಿನಲ್ಲಿ ವೇಗ ಒಂದು ರೋಗದ ಹಾಗೆ ಹಬ್ಬಿತ್ತು. ರಾಗ, ತಾಳ, ಭಾವ ಆಮೇಲೆ. ಒಂದು ಸೆಕೆಂಡಿಗೆ ಎಷ್ಟು ಸ್ವರ, ಅದು ಮೊದಲು. ಅದರ ಹೆಸರು ಶ್ರೆಡ್.

"ಶ್ರೆಡ್ ಅಂದರೆ ಎಂತ?" ಹೆಂಡತಿ ಕೇಳಿದಳು.

"ತುರಿಯುವುದು."

"ಅದಕ್ಕೆ ಲಕ್ಷ ಯಾಕೆ ಮಾರಾಯ್ರೇ? ಹೆರೆಮಣೆ ಮನೆಯಲ್ಲೇ ಉಂಟಲ್ಲ."

ನಾನು ವಿವರಿಸಲು ಹೋದೆ. ಶ್ರೆಡ್‌ಗೆ ಯಾವ್ಯಾವುದೋ ಗಿಟಾರು ಆಗುವುದಿಲ್ಲ. ಕುತ್ತಿಗೆ ತೆಳ್ಳಗಿರಬೇಕು. ಜಪಾನಿನ ಗಿಟಾರು ಕಂಪನಿ ಐಬನೆಝ್‌ನವರು 1987ರಲ್ಲಿ ಆರ್‌ಜಿ ಅಂತ ಒಂದು ಸಾಲು ಹೊರಡಿಸಿದರು. ಅದರ ಕುತ್ತಿಗೆ ಮೊದಲ ಫ್ರೆಟ್ (ಕುತ್ತಿಗೆಗೆ ಅಡ್ಡ ಕೂರಿಸಿದ ಲೋಹದ ತೆಳು ಪಟ್ಟಿ) ಹತ್ತಿರ ಸುಮಾರು 17 ಮಿಲಿಮೀಟರ್ ದಪ್ಪ, ಅಷ್ಟೇ. ನಮ್ಮ ಬಾಗಿಲ ಚಿಲಕ ಅದಕ್ಕಿಂತ ದಪ್ಪ ಇದೆ. 24 ಫ್ರೆಟ್ ಬೇಕು. ಬೆರಳಾಡುವ ಹಲಗೆ ಹೆಚ್ಚುಕಡಿಮೆ ಚಪ್ಪಟೆ ಇರಬೇಕು, ತಂತಿ ಅದಕ್ಕೆ ಅಂಟಿದ ಹಾಗೆ ಕೆಳಗೆ ಕೂತಿರಬೇಕು. ಇಷ್ಟರ ಮೇಲೆ ಫ್ಲಾಯ್ಡ್ ರೋಸ್ ಮಾದರಿಯ ಟ್ರೆಮೊಲೊ. ಫ್ಲಾಯ್ಡ್ ರೋಸ್ ಎಂಬ ಅಮೆರಿಕದವನೊಬ್ಬ 1979ರಲ್ಲಿ ಪೇಟೆಂಟ್ ತೆಗೆದುಕೊಂಡ ಯಂತ್ರ ಅದು. ತಂತಿಗಳನ್ನು ಎರಡೂ ತುದಿಯಲ್ಲಿ ಬೀಗ ಹಾಕಿ ಹಿಡಿಯುತ್ತದೆ. ಕಡ್ಡಿ ಹಿಡಿದು ಒತ್ತಿದರೆ ಸ್ವರ ಪಾತಾಳಕ್ಕೆ ಇಳಿಯುತ್ತದೆ, ಬಿಟ್ಟರೆ ಮರಳಿ ಶ್ರುತಿಗೆ ಬರುತ್ತದೆ. ಮೇಲಿನಿಂದ ಆರು ತಂತಿ, ಹಿಂದಿನಿಂದ ಸ್ಪ್ರಿಂಗು, ಎರಡೂ ಕಡೆ ಸಮ ಜಗ್ಗಾಟ. ಥೇಟು ಪಾಲಾಗದ ಕೂಡು ಕುಟುಂಬ. ಒಂದು ತಂತಿ ಮುನಿಸಿಕೊಂಡು ಕಿತ್ತುಹೋದರೆ ಉಳಿದ ಐದರ ಶ್ರುತಿಯೂ ಹೋಯಿತು.

"ಹೊಸದೇ ತಗೊಳ್ಳಿ ಹಾಗಾದರೆ" ಅಂದಳು.

ಇಷ್ಟೆಲ್ಲ ಕೇಳಿದ ಯಾರಾದರೂ ಹಾಗೇ ಹೇಳುತ್ತಾರೆ. ಹೇಳದವನು ನನ್ನ ತಂಗಿ ಮಗ. "ಮಾಮ, ಹೊಸದರಲ್ಲಿ ಜೀವ ಇಲ್ಲ. ವಿಂಟೇಜ್ ಬೇಕು" ಅಂದ. ಅವನಿಗೆ ಇಪ್ಪತ್ತಮೂರು. ಅವನು ಹುಟ್ಟಿದ ಮೇಲೆ ಆದದ್ದೆಲ್ಲ ಕೆಟ್ಟದ್ದು ಅಂತ ನನಗಿಂತ ಜಾಸ್ತಿ ಅವನೇ ನಂಬಿದ್ದಾನೆ.

ಮೊದಲು ಠಾಣೆಗೆ ಹೋದೆವು. ಶುರುವಿನಲ್ಲಿ ಹೇಳಿದ ಬಿರುಕಿನ ಗಿಟಾರು ಅಲ್ಲಿಯದು. ಐಬನೆಝ್ ಆರ್‌ಜಿ 550, ಕಣ್ಣು ಕುಕ್ಕುವ ಕೆಂಪು. ಮಾಲೀಕ ನಂಬರು ತೋರಿಸಿದ. ಎಫ್ ಅಂದರೆ ಜಪಾನಿನ ಫುಜಿಜೆನ್ ಕಾರ್ಖಾನೆ, ಅದರ ಮುಂದಿನ 8 ಅಂದರೆ 1988. ಅವನು ಅದನ್ನು ಜಾತಕ ಓದುವ ಜೋಯಿಸರ ಧಾಟಿಯಲ್ಲಿ ಓದಿದ. ಗೋತ್ರ, ನಕ್ಷತ್ರ ಎಲ್ಲ ಕೂಡಿಬಂತು.

ಕುತ್ತಿಗೆಯ ಮೇಪಲ್ ಹಲಗೆ ಮೇಲೆ ಕಪ್ಪು ಕಪ್ಪು ಕಲೆ. "ಕೊಳೆ ಅಲ್ವಾ?" ಅಂದೆ. "ಪಟಿನಾ, ಅಂಕಲ್." ನಮ್ಮ ಮನೆಯಲ್ಲಾದರೆ ಇಂಥದ್ದನ್ನು ಹುಣಸೆಹಣ್ಣು ಹಾಕಿ ತಿಕ್ಕುತ್ತಾರೆ. ತಂತಿಯ ಕೆಳಗೆ ಫ್ರೆಟ್‌ಗಳಲ್ಲಿ ಹಳ್ಳ ಬಿದ್ದಿತ್ತು, ಮಳೆಗಾಲ ಮುಗಿದ ಮೇಲಿನ ಘೋಡ್‌ಬಂದರ್ ರಸ್ತೆಯ ಹಾಗೆ. 15ನೇ ಫ್ರೆಟ್‌ನಲ್ಲಿ ತಂತಿಯನ್ನು ಎಳೆದೆ. ಸ್ವರ ಅರ್ಧ ದಾರಿಯಲ್ಲೇ ಗಂಟಲು ಕಟ್ಟಿ ನಿಂತಿತು. ಟ್ರೆಮೊಲೊ ಎರಡು ಮೊಳೆಗಳ ಮೇಲೆ ಕೂರುವ ಅಂಚು ಚಾಕುವಿನ ಹಾಗೆ ಚೂಪಾಗಿರಬೇಕು. ಇಲ್ಲಿ ಅದು ಬೆಣ್ಣೆ ಹಚ್ಚುವ ಚಾಕುವಾಗಿತ್ತು. ಕಡ್ಡಿ ಒತ್ತಿ ಬಿಟ್ಟರೆ ಸ್ವರ ಮನೆಗೆ ವಾಪಸು ಬರಲಿಲ್ಲ, ಪಕ್ಕದ ಮನೆಗೆ ಹೋಗಿ ಕೂತಿತು.

"ಇಷ್ಟು ಸವೆದಿದೆಯಲ್ಲ?"

"ಅದೇ ಮತ್ತೆ! ಯಾರೋ ಅಷ್ಟು ಬಾರಿಸಿದ್ದಾರೆ ಅಂದರೆ ಎಂಥ ಗಿಟಾರು ಇರಬೇಕು!"

ಒಂದೂಕಾಲು ಲಕ್ಷ. ಬಿರುಕು ಬೇರೆ, ಹೇಳಿದೆನಲ್ಲ. ಫ್ರೆಟ್ ಹೊಸದು ಹಾಕಿಸಬಹುದಾ ಅಂತ ಕೇಳಿದ್ದಕ್ಕೆ ಅವನಿಗೂ ನಮ್ಮ ಹುಡುಗನಿಗೂ ಒಟ್ಟಿಗೇ ಉಸಿರು ಕಟ್ಟಿತು. ಹಾಕಿಸಿದರೆ ಒರಿಜಿನಲ್ ಹೋಗುತ್ತದಂತೆ. ಅಂದರೆ ಬಾರಿಸಲು ಬರುವ ಹಾಗೆ ಮಾಡಿದರೆ ಬೆಲೆ ಇಳಿಯುತ್ತದೆ. ಇದೇ ಮಾದರಿಯನ್ನು ಇದೇ ಕಂಪನಿ, ಇದೇ ಬಣ್ಣದಲ್ಲಿ, ಜಪಾನಿನಲ್ಲೇ ಮತ್ತೆ ಹೊಸದಾಗಿ ಮಾಡಿಸಿದೆ. ಅದರಲ್ಲಿ ಫ್ರೆಟ್‌ಗಳೂ ಇವೆ! ಹುಡುಗನಿಗೆ ಹೇಳಿದೆ. "ಮಾಮ, ಅದು ರೀಇಶ್ಯೂ" ಅಂದ, ಎಂಜಲು ಅನ್ನುವ ಧಾಟಿಯಲ್ಲಿ.

ನಂತರ ಚೋರ್ ಬಜಾರ್. ಅಲ್ಲಿ ಗಿಟಾರು ಸಿಗಲಿಲ್ಲ, ಆದರೆ ವಿದ್ಯೆ ಸಿಕ್ಕಿತು. ಒಂದು ಗಲ್ಲಿಯಲ್ಲಿ ಹೊಸ ಹಿತ್ತಾಳೆ ಗ್ರಾಮಫೋನಿಗೆ ಏನೋ ಹಚ್ಚಿ ಬಿಸಿಲಿಗೆ ಇಟ್ಟಿದ್ದರು. ಸಂಜೆಯೊಳಗೆ ಅದು ಬ್ರಿಟಿಷರ ಕಾಲದ್ದಾಗುತ್ತದೆ. ಅಯ್ಯೋ ಮೋಸ ಅಂದುಕೊಳ್ಳುವ ಮೊದಲು ಕೇಳಿ. ಅಮೆರಿಕದ ಫೆಂಡರ್ ಕಂಪನಿ 1995ರಿಂದ ಇದನ್ನೇ ರಾಜಾರೋಷವಾಗಿ ಮಾಡುತ್ತಿದೆ. ಹೊಚ್ಚ ಹೊಸ ಗಿಟಾರು ಮಾಡುವುದು, ಬಣ್ಣ ಕೆರೆಯುವುದು, ಮೂಲೆ ಜಜ್ಜುವುದು, ಮೊಳೆಗೆ ತುಕ್ಕು ಹಿಡಿಸುವುದು, ರೆಲಿಕ್ ಅಂತ ಹೆಸರಿಟ್ಟು ಮಾಮೂಲಿ ಹೊಸದಕ್ಕಿಂತ ಜಾಸ್ತಿ ಬೆಲೆಗೆ ಮಾರುವುದು. ನುರಿತ ಕೆಲಸಗಾರರು ಸಂಬಳ ತೆಗೆದುಕೊಂಡು ಗೀರು ಹಾಕುತ್ತಾರೆ. ಮುಂಬೈ ಲೋಕಲಿನ ಲಗೇಜು ಡಬ್ಬಿಯಲ್ಲಿ ಬೆಳಗ್ಗೆ ಎಂಟೂವರೆಗೆ ಕುರ್ಲಾದಿಂದ ದಾದರಿನವರೆಗೆ ಒಂದು ಸಲ ಹೋಗಿಬಂದರೆ ಆಗುವ ಕೆಲಸ. ಪುಕ್ಕಟೆ.

ಕಡೆಗೆ ಬಾಂದ್ರಾ. ಈ ಮಾಲೀಕರು ಹಿರಿಯರು, ಸಂಭಾವಿತರು. ಎಸಿ ಕೋಣೆ, ತೇವ ಅಳೆಯುವ ಮೀಟರು, ಗೋಡೆ ತುಂಬ ಗಿಟಾರು. ಸಮುದ್ರದ ಗಾಳಿಗೆ ಮೊಳೆ ತುಕ್ಕು ಹಿಡಿಯುತ್ತದೆ ಅಂತ ಕಿಟಕಿಯೇ ತೆರೆಯುವುದಿಲ್ಲವಂತೆ. ಸಮುದ್ರ ಕಾಣುವ ಮನೆ ಅದು. ಕಪ್ಪು ಪೆಟ್ಟಿಗೆ ತೆರೆದರು. ಅದೇ ಕಾಲದ ಇನ್ನೊಂದು ಆರ್‌ಜಿ. ಒಂದು ಗೀರಿಲ್ಲ, ಫ್ರೆಟ್ ಮಿರಿಮಿರಿ ಮಿಂಚುತ್ತಿತ್ತು. ಬೆಲೆ ಎರಡು ಲಕ್ಷದ ಹತ್ತಿರ.

"ಇಷ್ಟು ಯಾಕೆ ಸರ್?"

"ಯಾರೂ ಬಾರಿಸಿಲ್ಲ."

ಠಾಣೆಯಲ್ಲಿ ಬಾರಿಸಿದ್ದಕ್ಕೆ ಜಾಸ್ತಿ. ಬಾಂದ್ರಾದಲ್ಲಿ ಬಾರಿಸದೆ ಇದ್ದದ್ದಕ್ಕೆ ಜಾಸ್ತಿ. ಮೂವತ್ತೇಳು ವರ್ಷ ಹದವಾಗಿ, ವಾರಕ್ಕೆ ಎರಡು ದಿನ ಬಾರಿಸಿ ಒರೆಸಿಟ್ಟವನ ಗತಿ ಏನೋ. ನನ್ನ ಹಾಗೆ ಅವನಿಗೂ ಯಾರಾದರೂ ಕಾಫಿ ಕೊಟ್ಟು ಕಳಿಸಿರಬೇಕು.

ಅವರು ಬೆರಳು ಹಲಗೆಯನ್ನು ತೋರಿಸಿ, "ಇಂಡಿಯನ್ ರೋಸ್‌ವುಡ್. ಈಗ ಇಂಥ ಮರ ಎಲ್ಲಿ ಸಿಗುತ್ತೆ?" ಅಂದರು. ಬಗ್ಗಿ ನೋಡಿದೆ. ಬೀಟೆ! ನಮ್ಮ ಘಟ್ಟದ ಬೀಟೆ ಮರ! ನನ್ನ ಅಜ್ಜನ ಮಂಚ ಇದೇ ಮರದ್ದು. ಇಬ್ಬರು ಸೇರಿದರೂ ಎತ್ತಲು ಆಗುತ್ತಿರಲಿಲ್ಲ. 1996ರಲ್ಲಿ ಕಾರ್ಕಳದ ಮನೆ ಖಾಲಿ ಮಾಡುವಾಗ "ಹಳೇ ಕಾಲದ್ದು, ಜಾಗ ತಿನ್ನುತ್ತೆ" ಅಂತ ಗುಜರಿಯವನಿಗೆ ನಾನೂರು ರೂಪಾಯಿಗೆ ಕೊಟ್ಟು, ಮಡಚುವ ಕಬ್ಬಿಣದ ಮಂಚ ತಂದೆವು. ಹಡಗು ಹತ್ತಿ ಜಪಾನಿಗೆ ಹೋಗಿ, ಗಿಟಾರಾಗಿ ಬಾಂದ್ರಾಕ್ಕೆ ಬಂದ ಆ ಜಾತಿಯ ಮರದ ಒಂದು ಪಟ್ಟಿಯ ಮುಂದೆ ಈಗ ಕೈಕಟ್ಟಿ ನಿಂತಿದ್ದೆ. ಅಗಲ ಎರಡು ಇಂಚು. ದಪ್ಪ ಒಂದು ಚಕ್ಕುಲಿಯಷ್ಟು.

ನಿಜ ಹೇಳುತ್ತೇನೆ, ಆಸೆ ಆಯಿತು. ತಗೊಂಡೇ ಬಿಡೋಣ ಅನ್ನಿಸಿತು. ಆಂಪ್ಲಿಫೈಯರ್ ಬೇಡ, ಹೆಡ್‌ಫೋನ್ ಹಾಕಿಕೊಂಡು ಬಾರಿಸಿದರಾಯಿತು. ವಸತಿ ಪ್ರದೇಶಕ್ಕೆ ಹಗಲು 55, ರಾತ್ರಿ 45 ಡೆಸಿಬೆಲ್ ಅಂತ ನಿಯಮವಿದೆ. ಮೆರವಣಿಗೆಯ ಡಿಜೆಗೆ ಅದು ಗೊತ್ತಿಲ್ಲದಿದ್ದರೂ ನಮ್ಮ ಸೊಸೈಟಿಯ ಸೆಕ್ರೆಟರಿಗೆ ಬಾಯಿಪಾಠ. "ಸರ್, ಒಂದು ಸಲ ಬಾರಿಸಿ ನೋಡಲಾ?" ಅಂತ ಕೇಳಿದೆ.

ಅವರ ಮುಖ ಬಿಳಚಿಕೊಂಡಿತು. "ನೀವು... ಬಾರಿಸುವವರಾ?"

"ಹೌದು ಸರ್. ಅದಕ್ಕೇ."

ಮೆಲ್ಲಗೆ ಪೆಟ್ಟಿಗೆ ಮುಚ್ಚಿದರು. ಬೇಜಾರು ಮಾಡಿಕೊಳ್ಳಬೇಡಿ, ಇದನ್ನು ಚೆನ್ನಾಗಿ ನೋಡಿಕೊಳ್ಳುವವರಿಗೆ ಕೊಡಬೇಕು ಅಂತಿದ್ದೇನೆ ಅಂದರು. ಹೆಣ್ಣು ಕೇಳಲು ಹೋದವನಿಗೆ, ಸಂಸಾರ ಮಾಡುವ ಯೋಚನೆ ಇದ್ದರೆ ಸಂಬಂಧ ಬೇಡ ಅಂದ ಹಾಗಾಯಿತು. ಟೀ ಬಿಸ್ಕತ್ತು ಕೊಟ್ಟರು. ತಿಂದೆವು.

ಖಾಲಿ ಚೀಲ ಬೆನ್ನಿಗೆ ಹಾಕಿಕೊಂಡು ದಾದರಿನಲ್ಲಿ ಗಾಡಿ ಬದಲಿಸಿ ಮುಲುಂಡಿಗೆ ಬಂದರೆ, ಕೆಳಗೆ ಸೊಸೈಟಿ ಮೀಟಿಂಗು ನಡೆಯುತ್ತಿತ್ತು. ಬಿಲ್ಡಿಂಗು ಕೆಡವುವ ಮಾತು. ಬಿಲ್ಡರ್ ಬಂದಿದ್ದ. ಅವನ ಪ್ರಕಾರ ನಮ್ಮದು ಹಳೇ ಕಟ್ಟಡ, ಆದ್ದರಿಂದ ಕೊಡುವ ಜಾಗ ಕಮ್ಮಿ. ನಾಲ್ಕು ದಿನದಿಂದ ಕಲಿತದ್ದೆಲ್ಲ ನನ್ನ ಬಾಯಿಗೆ ಬಂತು. ಎದ್ದು ನಿಂತೆ. "ಇದು 1988ರ ಪೀಸು. ಸಿಂಗಲ್ ಓನರ್. ಪ್ಲಾಸ್ಟರ್ ಒರಿಜಿನಲ್. ನಾಲ್ಕನೇ ಮಹಡಿಯ ಲೀಕೇಜ್ ಒರಿಜಿನಲ್, ಯಾರೂ ಮುಟ್ಟಿಲ್ಲ. ಲಿಫ್ಟಿನಲ್ಲಿ ಪ್ಲೇಯರ್ಸ್ ವೇರ್, ಅಂದರೆ ಬಳಸಿ ಬಳಸಿ ಸವೆದ ಗುರುತು, ಇದೆ. ಪಿಲ್ಲರಿನಲ್ಲಿರುವುದು ಬಿರುಕಲ್ಲ, ಕ್ಯಾರೆಕ್ಟರ್. ಹದಿನೈದು ಪರ್ಸೆಂಟ್ ಜಾಸ್ತಿ ಕೊಡಬೇಕು."

ಸೆಕ್ರೆಟರಿ ನನ್ನನ್ನು ಕೂರಿಸಿ ನೀರು ಕೊಟ್ಟರು. ನಿವೃತ್ತಿಯಾದ ಹೊಸದರಲ್ಲಿ ಹೀಗೆಲ್ಲ ಆಗುತ್ತೆ ಅಂತ ಯಾರೋ ಹಿಂದೆ ಹೇಳಿದ್ದು ಕೇಳಿಸಿತು.

ಹೆಂಡತಿ ಮಾತ್ರ ಆ ಭಾಷಣವನ್ನು ಗಮನವಿಟ್ಟು ಕೇಳಿದ್ದಳು. ಮರುದಿನ ನೋಡುತ್ತೇನೆ, ಅಟ್ಟದಿಂದ ಅವಳ ಅಜ್ಜಿಯ ಹೆರೆಮಣೆ ಕೆಳಗಿಳಿದಿದೆ. ಕುಂದಾಪುರದ್ದು. ಹಲ್ಲಿಗೆ ತುಕ್ಕು, ಮಣೆಯ ನಡುವೆ ಮೂರು ತಲೆಮಾರು ಕೂತು ಬಿದ್ದ ತಗ್ಗು. ತಂಗಿ ಮಗನ ಕೈಲಿ ನಾಲ್ಕು ಕಡೆಯಿಂದ ಫೋಟೋ ತೆಗೆಸಿ ಮಾರಾಟಕ್ಕೆ ಹಾಕಿಸಿದಳು. ಕೆಳಗೆ ಒಂದೇ ಸಾಲು: ವಿಂಟೇಜ್, ಶ್ರೆಡ್‌ಗೆ ತಕ್ಕದ್ದು, ಹದಿನೆಂಟು ಸಾವಿರ.

ಸಂಜೆ ಫೋನು ಬಂತು. ಪುಣೆಯಿಂದ. ಸ್ಪೀಕರಿಗೆ ಹಾಕಿದಳು. ಆ ಕಡೆಯವನು ಬಹಳ ಹೊತ್ತು ಮಾತಾಡಿದ. ಮರ ಯಾವುದು, ಎಷ್ಟು ಜನ ಓನರ್, ತುಕ್ಕು ತೆಗೆಸಿಲ್ಲ ತಾನೇ ಅಂತ ಎಲ್ಲ ಕೇಳಿದ. ಕಡೆಗೆ ದನಿ ತಗ್ಗಿಸಿ, "ಮೇಡಂ, ಬೇಜಾರು ಮಾಡಿಕೊಳ್ಳಬೇಡಿ" ಅಂದ. "ಹಲ್ಲು ಒರಿಜಿನಲ್ಲಾ?"